ಗಿರಾಕಿ ಆತಂಕ ಹೇಳಿದಾಗ ‘ನೋ ಪ್ರಾಬ್ಲಂ’ ಬಿಟ್ಟು ಏನು ಹೇಳಬೇಕು?

ಪ್ರಶ್ನೆ (ಶಿರಸಿ): ಮೇಡಂ, ನಮ್ಮದು ಕಾಳುಮೆಣಸಿನ ವ್ಯಾಪಾರ. ಈಗ ಹೊರದೇಶಕ್ಕೂ ಮಾಲು ಕಳಿಸುತ್ತೇವೆ. ವಿಡಿಯೋ ಮೀಟಿಂಗಿನಲ್ಲಿ ಅಲ್ಲಿನ ಗಿರಾಕಿಗಳು ‘ವಿ ಆರ್ ಕನ್ಸರ್ನ್ಡ್ ಅಬೌಟ್ ದ ಮಾಯಿಶ್ಚರ್’ (ತೇವದ ಬಗ್ಗೆ ಚಿಂತೆಯಾಗಿದೆ) ಅಂದರೆ ನನ್ನ ಬಾಯಿಗೆ ಬರುವುದು ‘ನೋ ಪ್ರಾಬ್ಲಂ ಸರ್’ ಒಂದೇ. ಅವರ ಮುಖ ಇನ್ನೂ ಗಂಟಾಗುತ್ತದೆ. ಬೇರೆ ಏನು ಹೇಳಲಿ?

ಉತ್ತರ (ಬಿಸಿನೆಸ್ ಇಂಗ್ಲಿಷ್ ಕಲಿಸುವವರು, ಕಾರವಾರ): ನೀವು ಧೈರ್ಯ ಹೇಳುತ್ತಿದ್ದೀರಿ. ಅವರಿಗೆ ಮಾತ್ರ ‘ಇದೇನು ದೊಡ್ಡ ವಿಷಯವಲ್ಲ ಬಿಡಿ’ ಅಂದ ಹಾಗೆ ಕೇಳುತ್ತದೆ. ತೇವ ಜಾಸ್ತಿಯಾದ ಮೆಣಸಿಗೆ ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ, ದುಡ್ಡು ಹಾಕಿದವರಿಗೆ ಅದು ದೊಡ್ಡದೇ ಅಲ್ವಾ?

ಮೊದಲು ಅವರ ಮಾತನ್ನೇ ತಿರುಗಿ ಹೇಳಿ: ‘ಸೋ ಯುವರ್ ಮೇನ್ ಕನ್ಸರ್ನ್ ಈಸ್ ದ ಮಾಯಿಶ್ಚರ್ ಇನ್ ದಿಸ್ ಲಾಟ್, ಈಸ್ ದಟ್ ರೈಟ್?’ ಎಷ್ಟೋ ಸಲ ಅವರ ಚಿಂತೆ ತೇವದ್ದಲ್ಲ, ಹಡಗು ತಡವಾಗುವುದರದ್ದು ಅಂತ ಆಗಲೇ ಗೊತ್ತಾಗುತ್ತದೆ. ಆಮೇಲೆ ‘ಐ ಕ್ಯಾನ್ ಸೀ ವೈ ದಟ್ ವರೀಸ್ ಯು’. ಇದರಲ್ಲಿ ತಪ್ಪು ಒಪ್ಪಿಕೊಂಡ ಹಾಗೇನೂ ಇಲ್ಲ, ಹೆದರಬೇಡಿ. ಕೊನೆಗೆ ಕೆಲಸದ ಮಾತು: ‘ವಿ ವಿಲ್ ರೀಟೆಸ್ಟ್ ದ ಲಾಟ್ ಅಂಡ್ ಸೆಂಡ್ ಯು ದ ರಿಪೋರ್ಟ್ ಬೈ ಥರ್ಸ್‌ಡೇ’. ದಿನ ಹೇಳದಿದ್ದರೆ ಇದೂ ಇನ್ನೊಂದು ನೋ ಪ್ರಾಬ್ಲಮ್ಮೇ.

ಒಂದು ಕಿವಿಮಾತು. ‘ವಿ ವಿಲ್ ಡು ದ ನೀಡ್‌ಫುಲ್’ (ಬೇಕಾದ್ದು ಮಾಡುತ್ತೇವೆ), ‘ಐ ವಿಲ್ ರಿವರ್ಟ್’ (ಆಮೇಲೆ ತಿಳಿಸುತ್ತೇನೆ) ನಮ್ಮ ಆಫೀಸುಗಳಲ್ಲಿ ಚೆನ್ನಾಗಿ ಓಡುತ್ತವೆ. ಹೊರಗಿನವರಿಗೆ ಎರಡನೆಯದು ಅರ್ಥವೇ ಆಗದಿರಬಹುದು. ‘ಐ ವಿಲ್ ಗೆಟ್ ಬ್ಯಾಕ್ ಟು ಯು’ ಸಾಕು.

ಪ್ರಶ್ನೆ (ಕುಮಟಾ): ಅವರು ಹೇಳುವುದೇ ತಪ್ಪಾಗಿದ್ದರೆ? ನಾನು ‘ವಿತ್ ರೆಸ್ಪೆಕ್ಟ್’ ಅಂತ ಶುರು ಮಾಡುತ್ತೇನೆ, ಮರ್ಯಾದೆ ಕೊಟ್ಟ ಹಾಗಾಗುತ್ತದೆ ಅಂತ.

ಉತ್ತರ: ಅಯ್ಯೋ, ಬ್ರಿಟಿಷರ ಹತ್ತಿರ ಹುಷಾರು ಮಾರಾಯ್ರೆ! ಅವರ ಕಿವಿಗೆ ಅದು ‘ನೀವು ಹೇಳಿದ್ದು ನಾನು ಒಪ್ಪಲ್ಲ’ ಅಂತಲೇ ಕೇಳುವುದು ಜಾಸ್ತಿ. ‘ಐ ಟೇಕ್ ಯುವರ್ ಪಾಯಿಂಟ್. ಮೇ ಐ ಶೇರ್ ಅವರ್ ಫಿಗರ್ಸ್?’ ಅನ್ನಿ, ತಕ್ಷಣ ಅಂಕಿ ತೋರಿಸಿ. ಒಪ್ಪಂದದಲ್ಲಿ ತೇವ 12 ಶೇಕಡಾ ಮೀರಬಾರದು ಅಂತಿದ್ದು, ನಿಮ್ಮ ರಿಪೋರ್ಟಿನಲ್ಲಿ 11 ಇದ್ದರೆ ಮುಂದೆ ವಾದವೇ ಬೇಡ.

ಪ್ರಶ್ನೆ (ಶಿರಸಿ): ಉತ್ತರವೇ ಗೊತ್ತಿಲ್ಲದಿದ್ದರೆ, ಮೇಡಂ?

ಉತ್ತರ: ‘ಐ ಡೋಂಟ್ ಹ್ಯಾವ್ ದಟ್ ಫಿಗರ್ ವಿತ್ ಮಿ. ಲೆಟ್ ಮಿ ಚೆಕ್.’ ಅಷ್ಟೇ. ಸುಮ್ನೆ ಅಂದಾಜು ಹೇಳಬೇಡಿ, ಅವರು ಬರೆದಿಟ್ಟುಕೊಳ್ಳುತ್ತಾರೆ.