ಹಳೇ ಆಪರೇಟರ್‌ಗೆ ತಪ್ಪನ್ನು ಯಾವಾಗ, ಹೇಗೆ ಹೇಳಬೇಕು? (ಸಿಎನ್‌ಸಿ ಜಾಬ್‌ವರ್ಕ್, ಪೀಣ್ಯ)

ಬುಶ್‌ಬೋರ್_ಪೀಣ್ಯ

ಸಣ್ಣ ಟರ್ನಿಂಗ್ (ಲೇತ್ ಕೆಲಸದ) ಶಾಪ್. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್, ಎರಡು ಶಿಫ್ಟ್, ಒಟ್ಟು 14 ಜನ. ಸದ್ಯ ಓಡ್ತಿರೋದು ಇಎನ್8 ಉಕ್ಕಿನ ಬುಶ್ (ಕೊಳವೆಯಂಥ ಬಿಡಿಭಾಗ). ಬೋರ್ (ಒಳರಂಧ್ರ) 25 ಎಚ್7, ಅಂದರೆ 25.000ರಿಂದ 25.021 ಮಿ.ಮೀ. ಒಳಗೆ ಬರಬೇಕು. ನಮ್ಮ ಅತಿ ಹಿರಿಯ ಆಪರೇಟರ್ ಪ್ರತಿ 10 ಪೀಸಿಗೊಮ್ಮೆ ಅಳತೆ ನೋಡಬೇಕು. ಅದನ್ನು ಬಿಟ್ಟು ಶಿಫ್ಟ್ ಮುಗಿಯುವಾಗ ಇನ್‌ಸ್ಪೆಕ್ಷನ್ ಶೀಟನ್ನು ಒಟ್ಟಿಗೆ ತುಂಬಿಸ್ತಾರೆ. ಓವರ್‌ಸೈಜ್ ಪೀಸುಗಳು ಗಿರಾಕಿಯ ಇನ್‌ವರ್ಡ್ ತಪಾಸಣೆಯಲ್ಲಿ ಸಿಕ್ಕಿಬೀಳ್ತಿವೆ.

ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಮಾತಾಡುವಾಗ ಇದನ್ನೆಲ್ಲ ಹೇಳೋದಾ, ಈಗಲೇನಾ? ಸೂಪರ್‌ವೈಸರ್‌ಗೆ ಬಿಟ್ಟರೆ ಎಲ್ಲರೆದುರೂ ಕೂಗಾಡ್ತಾರೆ. ನಾನು ಮೆತ್ತಗೆ ಹೇಳಿದರೆ "ಸರಿ ಸಾರ್" ಅಂತಾರೆ, ಮರುದಿನ ಅದೇ ಕಥೆ. ಅವರು ಕೆಲಸ ಬಿಟ್ಟರೆ ಅಂಥ ಕೈ ಇನ್ನೊಂದು ಸಿಗೋದು ಕಷ್ಟ.

ಕ್ಯೂಸಿ_ಟೇಬಲ್

ಏಪ್ರಿಲ್‌ವರೆಗೆ ಕಾಯಬೇಡಿ. ಆ ಹೊತ್ತಿಗೆ ಪೀಸ್ ಗುಜರಿಗೆ ಹೋಗಿರುತ್ತೆ, ಅವತ್ತು ಏನಾಯಿತು ಅನ್ನೋದು ಇಬ್ಬರಿಗೂ ಮರೆತಿರುತ್ತೆ. ಉಳಿಯೋದು "ಸಂಬಳ ಕಡಿಮೆ ಕೊಡೋಕೆ ನೆಪ ಹುಡುಕಿದರು" ಅನ್ನೋ ಭಾವನೆ ಮಾತ್ರ. ಗುಣಮಟ್ಟದ ಮಾತು ಅದೇ ಶಿಫ್ಟ್‌ನಲ್ಲಿ ಆಗಬೇಕು. ಗಾರ್ಡ್ ತೆರೆದು ಮೆಷಿನ್ ಓಡಿಸೋದು, ತಿರುಗುವ ಚಕ್ (ಪೀಸ್ ಹಿಡಿಯೋ ಭಾಗ) ಹತ್ತಿರ ಕೈಯಲ್ಲಿ ಚಿಪ್ಸ್ ತೆಗೆಯೋದು ಇಂಥದ್ದಾದರೆ ಅದೇ ಕ್ಷಣ ಮೆಷಿನ್ ನಿಲ್ಲಿಸಿ ಹೇಳಬೇಕು.

ಆದರೆ ಬಾಯಿ ತೆರೆಯೋ ಮೊದಲು ನೀವು ಮಾಡಬೇಕಾದ ಕೆಲಸ ಇದೆ. ಇನ್ಸರ್ಟ್ (ಕತ್ತರಿಸೋ ಅಲಗು) ಸವೆದರೆ ಬೋರ್ ಚಿಕ್ಕದಾಗುತ್ತೆ, ದೊಡ್ಡದಾಗಲ್ಲ. ಚಿಕ್ಕದಾದರೆ ಇನ್ನೊಂದು ಕಟ್ ಕೊಟ್ಟು ಉಳಿಸಿಕೊಳ್ಳಬಹುದು, ದೊಡ್ಡದಾದರೆ ಸ್ಕ್ರ್ಯಾಪೇ. ಹಾಗಾದರೆ ನಿಮ್ಮಲ್ಲಿ ಓವರ್‌ಸೈಜ್ ಯಾಕೆ ಬರ್ತಿದೆ? ಹೆಚ್ಚಾಗಿ ಎರಡೇ ಕಾರಣ. ಒಂದು, ಸವೆತ ಸರಿದೂಗಿಸೋಕೆ ಅಳೆಯದೆ ಅಂದಾಜಿನಲ್ಲಿ ಆಫ್‌ಸೆಟ್ (ಟೂಲ್ ಜಾಗದ ತಿದ್ದುಪಡಿ) ಕೊಡೋದು. ಎರಡು, ಹೊಸ ಇನ್ಸರ್ಟ್ ಹಾಕಿದ ಮೇಲೂ ಹಳೇ ಇನ್ಸರ್ಟ್‌ಗೆ ಕೊಟ್ಟಿದ್ದ ವೇರ್ ಆಫ್‌ಸೆಟ್ ಹಾಗೇ ಉಳಿಯೋದು. ಕೆಟ್ಟ ಪೀಸುಗಳು ಇನ್ಸರ್ಟ್ ಬದಲಾದ ಮೇಲೆ ಬಂದವಾ ನೋಡಿ. ಹೌದಾದರೆ ನೀವು ಹೇಳಬೇಕಾದ್ದು "ಗಮನ ಇಟ್ಟು ಕೆಲಸ ಮಾಡಿ" ಅಲ್ಲ. "ಇನ್ಸರ್ಟ್ ಬದಲಾಯಿಸಿದ ತಕ್ಷಣ ವೇರ್ ಆಫ್‌ಸೆಟ್ ಸರಿಮಾಡಿ, ಮೊದಲ ಪೀಸ್ ಅಳೆದ ಮೇಲೇ ಎರಡನೆಯದು ಹಾಕಿ." ಇಷ್ಟು ನಿಖರವಾಗಿ ಹೇಳಿದರೆ ಮಾಡೋಕಾಗುತ್ತೆ.

ಗೇಜ್ ಕಡೆಯೂ ನೋಡಿ. ಬಿಸಿ ಪೀಸ್ ಅಳೆದರೆ ಲೆಕ್ಕ ತಪ್ಪುತ್ತೆ. ಉಕ್ಕು ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ 0.001 ಮಿ.ಮೀ.) ಹಿಗ್ಗುತ್ತೆ. 25 ಮಿ.ಮೀ. ಬೋರ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಹತ್ತಿರ ಹತ್ತಿರ 6 ಮೈಕ್ರಾನ್ ದೊಡ್ಡದು ತೋರಿಸುತ್ತೆ. ನಿಮ್ಮ ಟಾಲರೆನ್ಸೇ (ಒಪ್ಪಬಹುದಾದ ವ್ಯತ್ಯಾಸ) 21 ಮೈಕ್ರಾನ್. ಪ್ಲಗ್ ಗೇಜ್ (ಬೋರ್ ಒಳಗೆ ಹಾಕಿ ಸೈಜ್ ನೋಡೋ ಸಾಧನ) ಕ್ಯಾಲಿಬ್ರೇಷನ್ ತಾರೀಖು ದಾಟಿದ್ದರೆ ಆಪರೇಟರ್ ಹತ್ತಿರ ಹೋಗಲೇಬೇಡಿ, ಮೊದಲು ಗೇಜ್ ಸರಿಮಾಡಿಸಿ. ಗೇಜೇ ತಪ್ಪು ಅಂತ ಆಮೇಲೆ ಗೊತ್ತಾದರೆ ನಿಮ್ಮ ಮುಂದಿನ ಹತ್ತು ಮಾತಿಗೂ ಬೆಲೆ ಇರಲ್ಲ.

ತರಬೇತಿ_ಹುಬ್ಬಳ್ಳಿ

ಮೇಲಿನ ಮಾತು ಸರಿ. ಹೇಳುವ ಬಗೆಯ ಬಗ್ಗೆ ನಾನು ಬರೀತೀನಿ, ಹೆಚ್ಚು ಕೆಡೋದು ಅಲ್ಲೇ.

"ಮೆತ್ತಗೆ ಹೇಳಿದೆ" ಅಂದಿರಲ್ಲ, ಅಲ್ಲಿ ಬಹುಶಃ ವಿಷಯವೇ ಅವರಿಗೆ ಮುಟ್ಟಿಲ್ಲ. ಮೊದಲು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಮತ್ತೆ ಹೊಗಳಿಕೆ ಅನ್ನೋ ಪದ್ಧತಿಯಲ್ಲಿ ಕೇಳುವವರು ಹೊಗಳಿಕೆ ಹಿಡ್ಕೊಂಡು ಹೋಗ್ತಾರೆ. ಸ್ವಲ್ಪ ದಿನಕ್ಕೆ ನೀವು ಹೊಗಳೋಕೆ ಶುರು ಮಾಡಿದರೇ ಬೈಗುಳ ಬಂತು ಅಂದ್ಕೊಳ್ತಾರೆ. ಎರಡನ್ನೂ ಬೇರೆ ಬೇರೆ ದಿನ ಹೇಳಿ.

ಕೂಗಾಟವೂ ನಡೆಯಲ್ಲ. ಕ್ಲೂಗರ್, ಡಿನಿಸಿ ಅನ್ನೋ ಸಂಶೋಧಕರು 1996ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರು. ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಸುಧಾರಿಸೋ ಬದಲು ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು "ನನ್ನ ಬಗ್ಗೆ ಏನಂದರು" ಅನ್ನೋ ಕಡೆ ಹೋದಷ್ಟೂ ಪ್ರಯೋಜನ ಕಡಿಮೆ ಅಂತ ಅವರು ವಿವರಿಸಿದರು. ನಾಲ್ಕು ಜನರ ಮುಂದೆ ಬೈಸಿಕೊಂಡ ಹಿರಿಯರ ತಲೆಯಲ್ಲಿ ಬೋರ್ ಸೈಜ್ ಉಳಿಯೋದಿಲ್ಲ, ಮರ್ಯಾದೆ ಹೋಗಿದ್ದು ಉಳಿಯುತ್ತೆ.

ಹೀಗೆ ಮಾಡಿ. ಟೀ ಬ್ರೇಕ್‌ಗೆ ಸ್ವಲ್ಪ ಮುಂಚೆ, ಮೆಷಿನ್ ನಿಂತಾಗ, ಇನ್‌ಸ್ಪೆಕ್ಷನ್ ಟೇಬಲ್ ಹತ್ತಿರ ಅವರೊಬ್ಬರನ್ನೇ ಕರೀರಿ. ಕ್ಯಾಬಿನ್‌ಗೆ ಕರೆದರೆ ಶಾಪ್‌ಗೆಲ್ಲ ಸುದ್ದಿ. ಪೀಸ್, ಪ್ಲಗ್ ಗೇಜ್, ಶೀಟ್ ಮೂರೂ ಟೇಬಲ್ ಮೇಲಿರಲಿ. (ಗೇಜಿನ ನೋ-ಗೋ ತುದಿ ಒಳಗೆ ಹೋಗಬಾರದು, ಹೋದರೆ ಬೋರ್ ದೊಡ್ಡದಾಗಿದೆ ಅಂತ.)

"ಇದು ಹನ್ನೊಂದು ಗಂಟೆಗೆ ಇನ್ಸರ್ಟ್ ಬದಲಾಯಿಸಿದ ಮೇಲೆ ಬಂದ ಪೀಸು. ನೋ-ಗೋ ಒಳಗೆ ಹೋಗ್ತಿದೆ, ನೀವೇ ಹಾಕಿ ನೋಡಿ. ಇದು ಗಿರಾಕಿ ಹತ್ತಿರ ಹೋಗಿದ್ದರೆ ಇಡೀ ಲಾಟ್ ವಾಪಸ್ ಬರ್ತಿತ್ತು. ಏನಾಯ್ತು, ಹೇಳಿ."

ಅಷ್ಟು ಹೇಳಿ ಸುಮ್ಮನಾಗಿ. ಗೇಜ್ ಅವರ ಕೈಯಲ್ಲೇ ಇರಲಿ. ಮೌನ ತಡೆಯಲಾಗದೆ ನೀವೇ ಕಾರಣ ಹೇಳಿಕೊಟ್ಟರೆ ಅವರು "ಹೌದು ಸಾರ್" ಅಂತಾರೆ, ಮಾತು ಮುಗೀತು. ಅವರ ಬಾಯಿಂದಲೇ "ಇನ್ಮೇಲೆ ಹೀಗೆ ಮಾಡ್ತೀನಿ" ಅನ್ನೋ ಒಂದು ವಾಕ್ಯ ಬರಬೇಕು. "ನಿಮಗೆ ಕಾಳಜಿ ಇಲ್ಲ", "ಯಾವಾಗಲೂ ಹೀಗೇ" ಎರಡೂ ಬೇಡ. ಐದು ನಿಮಿಷ ಸಾಕು.

ಕನ್ನಡ ಅಷ್ಟಾಗಿ ಬರದ ಹುಡುಗರಿಗೂ ಇದೇ ಕ್ರಮ. ಮಾತು ಕಡಿಮೆ, ಪೀಸು ಮತ್ತು ಗೇಜೇ ಹೇಳಲಿ. ವಾಟ್ಸಾಪ್ ಗ್ರೂಪ್‌ನಲ್ಲಿ ಕೆಟ್ಟ ಪೀಸಿನ ಫೋಟೋ ಹಾಕಿ ಹೆಸರು ಬರೆಯೋದಂತೂ ಖಂಡಿತ ಬೇಡ.

ಸೂಪರ್‌ವೈಸರ್ ಕೂಗಾಡುವಾಗ ನಡುವೆ ಹೋಗಿ ತಡೆದರೆ ಅವರ ಮರ್ಯಾದೆಯೂ ಹೋಗುತ್ತೆ. ಅವರಿಗೂ ಅದೇ ದಿನ, ಪ್ರತ್ಯೇಕವಾಗಿ, ಇದೇ ರೀತಿಯಲ್ಲಿ ಹೇಳಿ. ಮುಂದಿನ ಸಲ ಟೇಬಲ್ ಹತ್ತಿರದ ಮಾತು ಅವರೇ ಆಡಲಿ, ನೀವು ಪಕ್ಕದಲ್ಲಿರಿ.

ಬುಶ್‌ಬೋರ್_ಪೀಣ್ಯ

ಶೀಟ್ ನೋಡಿದೆ. ಕೆಟ್ಟವು ಬಹುಪಾಲು ಇನ್ಸರ್ಟ್ ಬದಲಾದ ಮೇಲಿನವೇ. ಒಂದು ಪ್ರಶ್ನೆ: ಆಪರೇಟರ್ "ಎರಡು ಮೆಷಿನ್ ನೋಡ್ಕೊಂಡು ಅಳೆಯೋಕೆ ಟೈಮ್ ಎಲ್ಲಿದೆ, ಟಾರ್ಗೆಟ್ ನೀವೇ ಕೊಟ್ಟಿದ್ದಲ್ವಾ" ಅಂದರೆ? ಲೋಡಿಂಗ್ ಸೇರಿ ಪೀಸಿಗೆ 3 ನಿಮಿಷ. ಶಿಫ್ಟಿಗೆ ಮೆಷಿನ್ ಒಂದಕ್ಕೆ 140 ಟಾರ್ಗೆಟ್.

ಪ್ರೊಡಕ್ಷನ್_ಲೆಕ್ಕ

ಹಾಗಂದರೆ ಅವರು ಹೇಳೋದು ನಿಜ ಇರಬಹುದು, ಲೆಕ್ಕ ಹಾಕಿ. ಊಟ, ಟೀ ಕಳೆದು 420 ನಿಮಿಷ ಅಂತಿಟ್ಟುಕೊಂಡರೆ 3 ನಿಮಿಷಕ್ಕೊಂದರಂತೆ ಸರಿಯಾಗಿ 140. ಅಂದರೆ ನಿಮ್ಮ ಟಾರ್ಗೆಟ್‌ನಲ್ಲಿ ಅಳತೆಗೆ ಒಂದು ಸೆಕೆಂಡೂ ಇಲ್ಲ.

ಸೈಕಲ್ ಓಡುವಾಗಲೇ ಅಳೆಯಬಹುದಲ್ಲ ಅಂತೀರಿ. ಒಂದು ಮೆಷಿನ್ ಆದರೆ ಹೌದು. ಎರಡಾದರೆ 180 ಸೆಕೆಂಡಿನಲ್ಲಿ ಎರಡು ಲೋಡಿಂಗ್ (ತಲಾ 35 ಸೆಕೆಂಡ್), ಎರಡು ಬರ್ (ಅಂಚಿನ ಚೂಪು ಚೂರು) ತೆಗೆಯೋದು (ತಲಾ 30) ಸೇರಿ 130 ಹೋಯಿತು. ಉಳಿದ 50ರಲ್ಲಿ ಪೀಸ್ ಒರೆಸಿ, ತಣಿಸಿ, ಅಳೆದು, ಬರೆಯೋಕಾಗಲ್ಲ. ನಿಮ್ಮ ಶಾಪಿನ ಅಂಕಿ ಬೇರೆ ಇರುತ್ತೆ, ಸ್ಟಾಪ್‌ವಾಚ್ ಹಿಡಿದು ಒಂದು ಗಂಟೆ ಪಕ್ಕದಲ್ಲಿ ನಿಲ್ಲಿ.

140 ಪೀಸಿಗೆ 14 ಚೆಕ್, ಒಂದಕ್ಕೆ ಒಂದು ನಿಮಿಷ ಕೊಟ್ಟರೂ 14 ನಿಮಿಷ. ಉಳಿದ 406 ನಿಮಿಷಕ್ಕೆ 135 ಪೀಸ್. ಟಾರ್ಗೆಟ್ 135 ಮಾಡಿ ಬೋರ್ಡ್ ಮೇಲೆ ಬರೆದು, ಆಮೇಲೆ ಮಾತಿಗೆ ಕೂತ್ಕೊಳ್ಳಿ. "ಟೈಮ್ ಇರಲಿಲ್ಲ ಅಂದಿದ್ದು ಸರಿ, ಅದನ್ನ ನಾನು ಸರಿಮಾಡಿದೀನಿ. ಇನ್ಮೇಲೆ ಚೆಕ್ ತಪ್ಪಬಾರದು" ಅಂದರೆ ಎಷ್ಟೇ ಹಿರಿಯರಾದರೂ ಒಪ್ಪಿಕೊಳ್ತಾರೆ. ಕೆಲಸ ಬಿಟ್ಟು ಹೋಗ್ತಾರೆ ಅನ್ನೋ ಭಯಕ್ಕೂ ಇದೇ ಮದ್ದು. ನೇರ ಮಾತಿಗಿಂತ ಅನ್ಯಾಯಕ್ಕೆ ಬೇಸತ್ತು ಬಿಡುವವರೇ ಹೆಚ್ಚು.

ಶೀಟನ್ನೂ ಬದಲಾಯಿಸಿ. ಬರೀ ಟಿಕ್ ಹಾಕೋ ಕಾಲಂ ಇದ್ದರೆ ಯಾರು ಬೇಕಾದರೂ ಕೊನೆಗೆ ತುಂಬಿಸ್ತಾರೆ. ಡಯಲ್ ಬೋರ್ ಗೇಜ್ (ಬೋರ್ ಅಳತೆಯನ್ನು ಅಂಕಿಯಲ್ಲಿ ತೋರಿಸೋ ಗೇಜ್) ರೀಡಿಂಗ್, ಗಂಟೆ, ಮೆಷಿನ್ ಕೌಂಟರ್‌ನಲ್ಲಿರೋ ಪೀಸ್ ಸಂಖ್ಯೆ ಬರೆಸಿ. ಸೂಪರ್‌ವೈಸರ್ ಶಿಫ್ಟಿಗೆ ಎರಡು ಸಲ ಬಂದು ಕೊನೆಯ ಎಂಟ್ರಿಯನ್ನು ಕೌಂಟರ್ ಜೊತೆ ಹೋಲಿಸಿ ಸಹಿ ಹಾಕಲಿ.

ಇದಾದ ಮೇಲೂ ಅಳೆಯದೆ ಅಂಕಿ ಬರೆದರೆ ಅದು ಬೇರೆಯೇ ವಿಷಯ. ಅದನ್ನು ಸೈಜ್ ತಪ್ಪಿದ ಮಾತಿನ ಜೊತೆ ಬೆರೆಸಬೇಡಿ, ಪ್ರತ್ಯೇಕವಾಗಿ, ಗಟ್ಟಿಯಾಗಿ ಹೇಳಿ: "ಸೈಜ್ ತಪ್ಪಿದರೆ ಇಬ್ಬರೂ ಸೇರಿ ಸರಿಮಾಡೋಣ. ಅಳೆಯದೆ ಬರೆಯೋದನ್ನ ನಾನು ಒಪ್ಪಲ್ಲ."

ಸಂಬಳ_ರಿಜಿಸ್ಟರ್

ರಿಜೆಕ್ಷನ್ ದುಡ್ಡನ್ನು ಸಂಬಳದಲ್ಲಿ ಹಿಡಿಯೋಣ ಅನ್ನೋ ಯೋಚನೆ ಬಂದರೆ ಮೊದಲು ಕಾನೂನು ನೋಡಿ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಮಿತಿಯೇ 2019ರ ವೇತನ ಸಂಹಿತೆಯಲ್ಲೂ ಇದೆ: ಆ ಅವಧಿಯ ವೇತನದ ಶೇ. 3ಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ, ತಪ್ಪು ನಡೆದು 90 ದಿನ ಕಳೆದ ಮೇಲೆ ವಸೂಲಿ ಮಾಡುವಂತಿಲ್ಲ, ಮೊದಲು ಅವರ ವಿವರಣೆ ಕೇಳಲೇಬೇಕು. ನಷ್ಟಕ್ಕೆ ಕಡಿತ ಮಾಡೋದಾದರೂ ಅವರ ನಿರ್ಲಕ್ಷ್ಯದಿಂದಲೇ ನಷ್ಟ ಆಗಿರಬೇಕು, ವಿವರಣೆಗೆ ಅವಕಾಶ ಕೊಟ್ಟಿರಬೇಕು. ನನ್ನ ಅಭಿಪ್ರಾಯದಲ್ಲಿ ದಂಡವೇ ಬೇಡ. ದಂಡ ಹಾಕಿದ ಶಾಪಿನಲ್ಲಿ ಕೆಟ್ಟ ಪೀಸ್ ಬಿನ್‌ಗೆ ಬೀಳಲ್ಲ, ಒಳ್ಳೆಯದರ ಜೊತೆ ಸೇರಿಕೊಳ್ಳುತ್ತೆ.

ಒಂದು ನೋಟ್‌ಬುಕ್ ಇಡಿ. ತಾರೀಖು, ನಡೆದದ್ದು, ಒಪ್ಪಿಕೊಂಡದ್ದು, ಮತ್ತೆ ನೋಡುವ ದಿನ, ಎರಡೇ ಸಾಲು. ಮಾತಾದ ಮೇಲೆ ಮುಂದಿನ ಮೂರು ಶಿಫ್ಟ್‌ಗಳ ಶೀಟ್ ನೀವೇ ನೋಡಿ. ಸರಿ ಇದ್ದರೆ ಅದೇ ದಿನ ಮೆಷಿನ್ ಹತ್ತಿರ ಹೋಗಿ "ಇನ್ಸರ್ಟ್ ಬದಲಾಯಿಸಿದ ಮೇಲೆ 25.009 ಬಂದಿದೆ, ಚೆನ್ನಾಗಿ ಹಿಡಿದಿದೀರ" ಅನ್ನಿ. ಇದನ್ನು ಬೇರೆಯವರು ಕೇಳಿಸಿಕೊಂಡರೂ ಪರವಾಗಿಲ್ಲ. ಅದೇ ತಪ್ಪು ಮೂರನೇ ಸಲ ಆದರೆ ಬರವಣಿಗೆಯಲ್ಲಿ ಪತ್ರ ಕೊಡಿ, ಅವರಿಗೆ ಓದಲು ಬರುವ ಭಾಷೆಯಲ್ಲಿ, ಒಂದು ಪ್ರತಿಗೆ ಸಹಿ ತಗೊಳ್ಳಿ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್‌ಗೆ ಕೂತಾಗ ಆ ನೋಟ್‌ಬುಕ್‌ನಲ್ಲಿ ಇಲ್ಲದ ಯಾವ ದೂರನ್ನೂ ಹೊಸದಾಗಿ ಎತ್ತಬೇಡಿ.