ಅಮೆರಿಕದ ಅಂತರ್ಯುದ್ಧದ ಕಾದಂಬರಿಗಳು: ಒಂದು ಮಳೆಗಾಲಕ್ಕೆ ಯಾವುದು, ಯಾವ ಕ್ರಮದಲ್ಲಿ?

ದೇವಿಮನೆ_ತಿರುವು (ಶಿರಸಿ) ಕೇಳಿದ್ದು:

ನಮ್ಮ ಓದುಗರ ಗುಂಪಿನಲ್ಲಿ ಹನ್ನೊಂದು ಜನ. ಈ ಮಳೆಗಾಲ ಅಮೆರಿಕದ ಅಂತರ್ಯುದ್ಧದ (1861–65, ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನದು) ಕಾದಂಬರಿಗಳನ್ನು ಓದುವುದೆಂದು ತೀರ್ಮಾನವಾಗಿದೆ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ಹದಿನೈದು ದಿನಕ್ಕೊಂದು ಭಾನುವಾರ, ಎರಡು ತಾಸು. ಒಟ್ಟು ಒಂಬತ್ತು ಕೂಟ. ಅದರಾಚೆ ಎಳೆಯಲು ಬರುವುದಿಲ್ಲ, ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ ಯಾರೂ ಪುಸ್ತಕ ಮುಟ್ಟುವುದಿಲ್ಲ.

ಏಳು ಜನರಿಗೆ ಇಂಗ್ಲಿಷ್ ಸಲೀಸು. ನಾಲ್ವರು ಓದಬಲ್ಲರು, ಆದರೆ ನಿಧಾನ, ಪಕ್ಕದಲ್ಲಿ ನಿಘಂಟು ಬೇಕು. ‘ಪರ್ವ’ವನ್ನು ಎಲ್ಲರೂ ಓದಿದ್ದಾರೆ, ಹಾಗಾಗಿ ದಾಯಾದಿಗಳ ಯುದ್ಧವೂ ದಪ್ಪ ಕಾದಂಬರಿಯೂ ಹೊಸದಲ್ಲ.

ಕೇಳಬೇಕಾದದ್ದು ಮೂರು. ಎಲ್ಲರೂ ಮೊದಲು ಹೇಳುವುದು ಮಾರ್ಗರೆಟ್ ಮಿಚೆಲ್‌ಳ ‘ಗಾನ್ ವಿತ್ ದ ವಿಂಡ್’. ಅದರಿಂದಲೇ ಶುರು ಮಾಡಬೇಕೇ? ಸೈನ್ಯದ ವಿಷಯ ಏನೂ ಗೊತ್ತಿಲ್ಲದವರಿಗೆ ರಣರಂಗದ ಕಾದಂಬರಿ ಹತ್ತುತ್ತದೆಯೇ? ಕಾದಂಬರಿಗೆ ಮುಂಚೆ ಒಂದು ಇತಿಹಾಸದ ಪುಸ್ತಕ ಓದಿಕೊಳ್ಳಬೇಕೇ?

ಅಘನಾಶಿನಿ_ದಂಡೆ (ಕುಮಟಾ):

ಇತಿಹಾಸದ ಪುಸ್ತಕ ಬೇಡ. ಒಂದು ಹಾಳೆಯಲ್ಲಿ ಹನ್ನೊಂದು ತಾರೀಕು ಬರೆದು ಪ್ರತಿಯೊಬ್ಬರೂ ಪುಸ್ತಕದ ಹಿಂಬದಿಗೆ ಅಂಟಿಸಿಕೊಂಡರೆ ಸಾಕು:

ನವೆಂಬರ್ 1860, ಲಿಂಕನ್ ಆಯ್ಕೆ. ಡಿಸೆಂಬರ್ 1860, ಸೌತ್ ಕೆರೊಲಿನಾ ಒಕ್ಕೂಟದಿಂದ ಹೊರಗೆ. 12 ಏಪ್ರಿಲ್ 1861, ಸಮ್ಟರ್ ಕೋಟೆಯ ಮೇಲೆ ಗುಂಡು. 17 ಸೆಪ್ಟೆಂಬರ್ 1862, ಆಂಟಿಟಮ್ ಕಾಳಗ. 1 ಜನವರಿ 1863, ಗುಲಾಮರ ವಿಮೋಚನೆಯ ಘೋಷಣೆ. 1ರಿಂದ 3 ಜುಲೈ 1863, ಗೆಟಿಸ್‌ಬರ್ಗ್ ಕಾಳಗ. ಮರುದಿನವೇ ವಿಕ್ಸ್‌ಬರ್ಗ್ ಶರಣಾಗತಿ. 2 ಸೆಪ್ಟೆಂಬರ್ 1864, ಅಟ್ಲಾಂಟಾ ಪತನ. 9 ಏಪ್ರಿಲ್ 1865, ದಕ್ಷಿಣದ ಸೇನಾಪತಿ ಲೀ ಶರಣಾಗತಿ. ಐದು ದಿನಕ್ಕೆ ಲಿಂಕನ್‌ಗೆ ಗುಂಡೇಟು. ಡಿಸೆಂಬರ್ 1865, ಗುಲಾಮಗಿರಿ ರದ್ದು ಮಾಡಿದ 13ನೇ ತಿದ್ದುಪಡಿ.

ಕಾದಂಬರಿ ಆರಿಸುವಾಗ ಪ್ರಶಸ್ತಿಯನ್ನಾಗಲಿ ದಪ್ಪವನ್ನಾಗಲಿ ನೋಡಬೇಡಿ. ನೋಡಬೇಕಾದ್ದು ಬರೆದ ವರ್ಷ, ಯಾರ ಕಣ್ಣಿನಿಂದ ಹೇಳಿದ್ದು, ಕಥೆಯೊಳಗೆ ಎಷ್ಟು ಕಾಲ ಕಳೆಯುತ್ತದೆ ಎಂಬುದು. 1936ರಲ್ಲಿ ಜಾರ್ಜಿಯಾದ ಬಿಳಿಯ ಮನೆತನದ ಲೇಖಕಿ ಬರೆದ ಯುದ್ಧವೂ (‘ಗಾನ್ ವಿತ್ ದ ವಿಂಡ್’) 1966ರಲ್ಲಿ ಗುಲಾಮರ ವಂಶದ ಲೇಖಕಿ ಬರೆದ ಯುದ್ಧವೂ (ಮಾರ್ಗರೆಟ್ ವಾಕರ್‌ಳ ‘ಜುಬಿಲಿ’) ಒಂದೇ ರಾಜ್ಯದಲ್ಲಿ, ಒಂದೇ ವರ್ಷಗಳಲ್ಲಿ ನಡೆಯುತ್ತವೆ, ಆದರೆ ಎರಡರಲ್ಲೂ ಕಾಣುವ ದೇಶ ಬೇರೆ ಬೇರೆ.

ಶುರು ಮಾಡಲು ಸ್ಟೀಫನ್ ಕ್ರೇನ್‌ನ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’ (1895). 24 ಸಣ್ಣ ಅಧ್ಯಾಯ, ವಾರಕ್ಕೆ ಹನ್ನೆರಡರಂತೆ ಒಂದೇ ಕೂಟದಲ್ಲಿ ಮುಗಿಯುತ್ತದೆ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕ್ರೇನ್ ಹುಟ್ಟಿದ್ದು 1871ರಲ್ಲಿ, ಯುದ್ಧ ಮುಗಿದು ಆರು ವರ್ಷಕ್ಕೆ. ಆದರೂ ಹೊಗೆ, ಗೊಂದಲ, ಓಡಿಹೋಗುವ ಹೆದರಿಕೆ ಅಷ್ಟು ನಿಚ್ಚಳವಾಗಿದೆ. ಓದುಗರು ಎಡವುವುದು ಒಂದೇ ಕಡೆ: ಇದು ಯಾವ ಕಾಳಗ ಎಂದು ಪುಸ್ತಕ ಹೇಳುವುದೇ ಇಲ್ಲ. 1863ರ ಮೇ ತಿಂಗಳ ಚಾನ್ಸೆಲರ್ಸ್‌ವಿಲ್ ಎಂದು ವಿಮರ್ಶಕರು ಗುರುತಿಸಿದ್ದಾರೆ. ನಕ್ಷೆ ಹುಡುಕುತ್ತ ಕೂರಬೇಡಿ. ಸಾಲಿನಲ್ಲಿ ನಿಂತ ಹುಡುಗನಿಗೆ ಏನೂ ಕಾಣುವುದಿಲ್ಲ ಎಂಬುದೇ ಅಲ್ಲಿಯ ವಿಷಯ.

ಒಂದು ತಾಂತ್ರಿಕ ಸಂಗತಿ ಗೊತ್ತಿದ್ದರೆ ಈ ಪುಸ್ತಕ ಹೆಚ್ಚು ಅರ್ಥವಾಗುತ್ತದೆ. ಆಗಿನ ಬಂದೂಕಿಗೆ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು. ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಗಿಡಿದು, ಕೇಪು ಕೂರಿಸಿ ಆಮೇಲೆ ಗುರಿ. ಪಳಗಿದವನಿಗೆ ನಿಮಿಷಕ್ಕೆ ಮೂರು ಗುಂಡು. ನಿಂತುಕೊಂಡೇ ತುಂಬುವುದು ಸುಲಭ, ಅದಕ್ಕೇ ಸಾಲುಗಟ್ಟಿ ನಿಂತು ಸಾಯುತ್ತಾರೆ. ಕಪ್ಪು ಮದ್ದಾದ್ದರಿಂದ ಎರಡು ಸುತ್ತಿಗೇ ಎದುರಿನವರು ಹೊಗೆಯಲ್ಲಿ ಮಾಯ.

ಎರಡನೆಯದು ಮೈಕೆಲ್ ಶಾರಾನ ‘ದಿ ಕಿಲ್ಲರ್ ಏಂಜೆಲ್ಸ್’ (1974). ಗೆಟಿಸ್‌ಬರ್ಗಿನ ಕಥೆ, 29 ಜೂನ್‌ನಿಂದ 3 ಜುಲೈವರೆಗೆ ಮಾತ್ರ. ಪ್ರತಿ ಅಧ್ಯಾಯದ ತಲೆಯಲ್ಲಿ ಯಾರ ಕಣ್ಣು ಎಂದು ಹೆಸರಿದೆ, ಒಳಗೆ ನಕ್ಷೆಗಳಿವೆ, ಭಾಷೆ ಸರಳ. ನಿಮ್ಮ ನಾಲ್ವರಿಗೂ ಇದು ತೊಡಕಾಗದು. ಮುನ್ನುಡಿಯಲ್ಲೇ ಎರಡೂ ಸೈನ್ಯಗಳ ಪರಿಚಯ, ಸೇನಾಧಿಪತಿಗಳ ಪಟ್ಟಿ ಬರುತ್ತದೆ, ಬಹಳ ಜನ ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಅದನ್ನು ಬಾಯಿಪಾಠ ಮಾಡಬೇಕಿಲ್ಲ, ಆ ಪುಟಕ್ಕೊಂದು ದಾರ ಹಾಕಿಟ್ಟು ಬೇಕಾದಾಗ ತಿರುವಿ ನೋಡಿ. ಮೊದಲ ಕೂಟಕ್ಕೆ ಜುಲೈ 1ರ ಕೊನೆಯವರೆಗೆ, ಎರಡನೆಯದಕ್ಕೆ 2 ಮತ್ತು 3.

ಲಿಟಲ್ ರೌಂಡ್ ಟಾಪ್ ಗುಡ್ಡದ ಭಾಗ ಎಲ್ಲರಿಗೂ ಹಿಡಿಸುತ್ತದೆ. ಆದರೆ ಕಾದಂಬರಿಯೆಂಬುದು ನೆನಪಿರಲಿ. ಉತ್ತರದ ಕರ್ನಲ್ ಚೇಂಬರ್ಲೇನ್ ಮತ್ತು ಅವನ 20ನೇ ಮೇಯ್ನ್ ರೆಜಿಮೆಂಟ್ ನಿಜ, ಜೊತೆಗಿರುವ ಸಾರ್ಜೆಂಟ್ ಕಿಲ್ರೇನ್ ಕಲ್ಪನೆ. ಲೀಯ ಕೈಕೆಳಗಿನ ಸೇನಾಪತಿ ಲಾಂಗ್‌ಸ್ಟ್ರೀಟ್ ಬಗ್ಗೆ ಶಾರಾನಿಗೆ ಒಲವಿದೆ, ಲೀಯ ಲೆಕ್ಕಾಚಾರದ ತಪ್ಪೆಲ್ಲ ಆ ಕಣ್ಣಿನಿಂದಲೇ ಕಾಣುತ್ತದೆ. ಮೂರನೇ ದಿನ ದಕ್ಷಿಣದವರು ಮಾಡಿದ ಪಿಕೆಟ್ ದಾಳಿಯಲ್ಲಿ ಸುಮಾರು 12,500 ಜನ ಮುಕ್ಕಾಲು ಮೈಲಿ ಬಯಲನ್ನು ಫಿರಂಗಿಗೆ ಎದುರಾಗಿ ನಡೆದು ದಾಟಬೇಕಾಯಿತು. ಕಾರವಾರದ ಟಾಗೋರ್ ಕಡಲತೀರದಲ್ಲಿ 1,200 ಮೀಟರ್ ಅಳೆದು ನೋಡಿ, ಆ ದೂರ ಎಂಥದ್ದೆಂದು ತಿಳಿಯುತ್ತದೆ. ಹೋದವರಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು.

ಮೂರನೆಯದು ಚಾರ್ಲ್ಸ್ ಫ್ರೇಜಿಯರ್‌ನ ‘ಕೋಲ್ಡ್ ಮೌಂಟನ್’ (1997), ಎರಡು ಕೂಟಕ್ಕೆ. ಕತ್ತಿಗೆ ಗಾಯವಾದ ಇನ್ಮನ್ ಆಸ್ಪತ್ರೆಯಿಂದ ತಪ್ಪಿಸಿಕೊಂಡು ನಾರ್ತ್ ಕೆರೊಲಿನಾದ ಬೆಟ್ಟದೂರಿಗೆ ನಡೆದುಕೊಂಡು ಹೋಗುತ್ತಾನೆ. ಅತ್ತ ಊರಿನಲ್ಲಿ ಏನೂ ಬಾರದ ಏಡಾಗೆ ರೂಬಿ ಹೊಲಮನೆಯ ಕೆಲಸ ಕಲಿಸುತ್ತಾಳೆ. ಶಿರಸಿ ಕಡೆಯ ಕೃಷಿಕರಿಗೆ ರೂಬಿಯ ಅಧ್ಯಾಯಗಳು ಥಟ್ಟನೆ ಹತ್ತಿರವಾಗುತ್ತವೆ: ದುಡ್ಡಿಗೆ ಬೆಲೆಯಿಲ್ಲದಾಗ ಯಾವುದಕ್ಕೆ ಯಾವುದು ವಿನಿಮಯ, ಬೇಲಿ, ಬೀಜ, ಚಳಿಗಾಲದ ದಾಸ್ತಾನು. ಗಿಡಮರ, ಸಲಕರಣೆಗಳ ಹೆಸರು ರಾಶಿ ಬರುತ್ತವೆ, ಎಲ್ಲಕ್ಕೂ ನಿಘಂಟು ತೆಗೆದರೆ ಓಟ ನಿಂತುಹೋಗುತ್ತದೆ.

ಕಾಳಿ_ಅಳಿವೆ (ಕಾರವಾರ):

ಮೇಲಿನವರು ಹೇಳಿದ ಪುಸ್ತಕಗಳೆಲ್ಲ ಅಡ್ಡಿಲ್ಲ, ಕ್ರಮಕ್ಕೆ ಮಾತ್ರ ನನ್ನ ತಕರಾರಿದೆ. ‘ರೆಡ್ ಬ್ಯಾಡ್ಜ್’ನಲ್ಲಿ ಗುಲಾಮಗಿರಿಯ ಮಾತೇ ಇಲ್ಲ. ‘ಕಿಲ್ಲರ್ ಏಂಜೆಲ್ಸ್’ನಲ್ಲಿ ಓಡಿಬಂದ ಕಪ್ಪು ಮನುಷ್ಯನೊಬ್ಬ ಹಾಗೆ ಬಂದು ಹೀಗೆ ಹೋಗುತ್ತಾನೆ. ‘ಕೋಲ್ಡ್ ಮೌಂಟನ್’ನಲ್ಲೂ ಅದು ಅಂಚಿಗೆ. ಈ ಮೂರನ್ನೇ ಓದಿದ ಗುಂಪು ಐದು ಕೂಟ ಮುಗಿಸಿದರೂ ‘ಅಣ್ಣತಮ್ಮಂದಿರು ಯಾಕೆ ಹೊಡೆದಾಡಿದರು’ ಎಂಬುದಕ್ಕೆ ಉತ್ತರ ಸಿಗದೆ ಎದ್ದುಹೋಗುತ್ತದೆ. ಉತ್ತರ ಗುಟ್ಟಿನದೇನೂ ಅಲ್ಲ. ಒಕ್ಕೂಟ ಬಿಡುವಾಗ ಮಿಸಿಸಿಪ್ಪಿ ರಾಜ್ಯ ಹೊರಡಿಸಿದ ಹೇಳಿಕೆಯೇ ಗುಲಾಮಗಿರಿ ಉಳಿಸಿಕೊಳ್ಳುವುದನ್ನು ಮೊದಲ ಕಾರಣವಾಗಿ ಮುಂದಿಡುತ್ತದೆ.

ಹಾಗಾಗಿ ಮಾರ್ಗರೆಟ್ ವಾಕರ್‌ಳ ‘ಜುಬಿಲಿ’ (1966) ನಿಮ್ಮ ಓದಿನ ಬೆನ್ನೆಲುಬಾಗಲಿ. ತನ್ನ ಮುತ್ತಜ್ಜಿಯ ಬದುಕನ್ನು ಆಧರಿಸಿ, ಮೂವತ್ತು ವರ್ಷ ದಾಖಲೆ ಕೂಡಿಹಾಕುತ್ತ ಬರೆದದ್ದು. ನಾಯಕಿಯ ಹೆಸರು ವೈರಿ (Vyry), ಜಾರ್ಜಿಯಾದ ತೋಟದ ಯಜಮಾನನಿಗೇ ಗುಲಾಮ ಹೆಂಗಸಿನಲ್ಲಿ ಹುಟ್ಟಿದವಳು. ಪುಸ್ತಕ ಮೂರು ಭಾಗ: ಯುದ್ಧಕ್ಕೆ ಮುಂಚೆ, ಯುದ್ಧ, ಯುದ್ಧದ ನಂತರ. ಒಂದೇ ಏಟಿಗೆ ಓದದೆ ಮೂರು ಕಡೆ ಹಂಚಿ:

1ನೇ ಕೂಟ ‘ಜುಬಿಲಿ’ ಮೊದಲ ಭಾಗ. 2 ‘ರೆಡ್ ಬ್ಯಾಡ್ಜ್’. 3 ಮತ್ತು 4 ‘ಕಿಲ್ಲರ್ ಏಂಜೆಲ್ಸ್’. 5 ‘ಜುಬಿಲಿ’ ಎರಡನೇ ಭಾಗ. 6 ‘ಗಾನ್ ವಿತ್ ದ ವಿಂಡ್’ ಮೂರನೇ ಭಾಗ ಮಾತ್ರ. 7 ಮತ್ತು 8 ‘ಕೋಲ್ಡ್ ಮೌಂಟನ್’. 9 ‘ಜುಬಿಲಿ’ ಕೊನೆಯ ಭಾಗ.

‘ಗಾನ್ ವಿತ್ ದ ವಿಂಡ್’ 63 ಅಧ್ಯಾಯ, ಸಾವಿರ ಪುಟ ದಾಟುತ್ತದೆ. ಅದನ್ನೇ ಮೊದಲು ಹಿಡಿದರೆ ಆಗಸ್ಟ್‌ವರೆಗೂ ಅದೇ. ಮೂರನೇ ಭಾಗವೆಂದರೆ 17ರಿಂದ 30ನೇ ಅಧ್ಯಾಯ: ಅಟ್ಲಾಂಟಾ ಮುತ್ತಿಗೆ, ಪತನ, ನಾಯಕಿಯ ತೋಟದ ಮನೆ ಟಾರಾಕ್ಕೆ ವಾಪಸು, ಹಸಿವು. ಮುತ್ತಿಗೆಯೊಳಗಿನ ನಗರ ಹೇಗಿರುತ್ತದೆ ಎಂಬುದನ್ನು ಮಿಚೆಲ್ ಬರೆದಷ್ಟು ಚೆನ್ನಾಗಿ ಬರೆದವರು ಕಡಿಮೆ, ಅದನ್ನು ಒಪ್ಪಲೇಬೇಕು. ಆದರೆ ಅಲ್ಲಿಯ ಗುಲಾಮರು ಒಡೆಯರ ಮನೆಯನ್ನು ಬಿಟ್ಟಿರಲಾರದ ನಿಷ್ಠರಾಗಿ ಕಾಣುತ್ತಾರೆ. ಅವರ ಮಾತಿನ ಕಾಗುಣಿತವನ್ನು ವಿಕಾರ ಮಾಡಿ ಬರೆದದ್ದರಿಂದ ನಿಧಾನವಾಗಿ ಓದುವವರಿಗೆ ಅದು ಎರಡು ಪಟ್ಟು ಕಷ್ಟ. ಶ್ಯಾಮಲಾ ಮಾಧವ ಅವರು ಈ ಕಾದಂಬರಿಯನ್ನು ಕನ್ನಡಕ್ಕೆ ತಂದಿದ್ದಾರೆ, ನಿಮ್ಮ ನಾಲ್ವರು ಅದನ್ನೇ ಓದಲಿ.

ಆ ಕಾದಂಬರಿಯ ನಾಲ್ಕನೇ ಭಾಗದಲ್ಲಿ ಕು ಕ್ಲಕ್ಸ್ ಕ್ಲಾನ್ (ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತ ಪಡೆ) ಹೆಂಗಸರ ಮಾನ ಕಾಯುವ ಗಂಡಸರ ಕೂಟದಂತೆ ಬರುತ್ತದೆ. ‘ಜುಬಿಲಿ’ಯ ಕೊನೆಯ ಭಾಗದಲ್ಲಿ ಅದೇ ಕ್ಲಾನ್ ನಾಯಕಿ ವೈರಿಯ ಹೊಸ ಮನೆಗೆ ಬೆಂಕಿ ಇಡುತ್ತದೆ. ಸಮಯ ಉಳಿದರೆ ಮಿಚೆಲ್‌ಳ 45ನೇ ಅಧ್ಯಾಯವನ್ನು ಒಂಬತ್ತನೇ ಕೂಟದಲ್ಲಿ ಪಕ್ಕಕ್ಕಿಟ್ಟು ಓದಿ. ಅರ್ಧ ತಾಸು ಸಾಕು, ಆದರೆ ಯಾವ ಉಪನ್ಯಾಸಕ್ಕೂ ಬಾರದ ಸ್ಪಷ್ಟತೆ ಅದರಿಂದ ಬರುತ್ತದೆ.

ಬಂದರು_ರಸ್ತೆ:

ಗುಂಪಿನಲ್ಲಿ ಯಾರಾದರೂ ‘ನಮಗೂ ಆ ಯುದ್ಧಕ್ಕೂ ಏನು ಸಂಬಂಧ’ ಎಂದು ಕೇಳಿಯೇ ಕೇಳುತ್ತಾರೆ. ಸಂಬಂಧ ನಿಮ್ಮ ಹೆಸರಿನಲ್ಲೇ ಇದೆ, ದೇವಿಮನೆ ಘಟ್ಟ.

ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರು ಬಿಡಿಸಿದ್ದು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಲ್ಯಾಂಕಾಶೈರ್‌ನ ಮಗ್ಗಗಳು ನಿಂತವು, ಕಣ್ಣು ಇತ್ತ ತಿರುಗಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬೈ, ಲಿವರ್‌ಪೂಲ್ ಪೇಟೆಗಳಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ನಿಂತಿತು. ಅದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಒತ್ತಾಯ ಅದರ ಹಿಂದೆ ಇತ್ತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ಹತ್ತಿಯ ಬೆಲೆ ಬಿತ್ತು, ಮುಂಬೈಯ ಷೇರು ಹುಚ್ಚೂ ಅದರ ಜೊತೆಗೇ ನೆಲಕಚ್ಚಿತು.

ಮಿಚೆಲ್‌ಳ ರೆಟ್ ಬಟ್ಲರ್ ದುಡ್ಡು ಮಾಡುವುದು ಇದೇ ದಿಗ್ಬಂಧನ ತೂರಿ, ಇದೇ ಹತ್ತಿಯಿಂದ. ಆರನೇ ಕೂಟದಲ್ಲಿ ಹೇಳಲು ಇದು ಒಳ್ಳೆಯ ಜಾಗ. ಅವನು ಮೊದಲು ಕಾಣಿಸಿಕೊಳ್ಳುವುದು ಮೊದಲ ಭಾಗದಲ್ಲಿ, ಹಡಗಿನ ವ್ಯವಹಾರ ಎರಡನೇ ಭಾಗದಲ್ಲಿ. ಒಬ್ಬರು 8ರಿಂದ 16ನೇ ಅಧ್ಯಾಯ ಓದಿಕೊಂಡು ಬಂದು ಹತ್ತು ನಿಮಿಷ ಹೇಳಲಿ.

ದೇವಿಮನೆ_ತಿರುವು (ಶಿರಸಿ):

ಕುಮಟಾ ಹತ್ತಿಯ ವಿಷಯ ಮೊದಲ ಕೂಟದಲ್ಲೇ ಹೇಳುತ್ತೇವೆ. ‘ಜುಬಿಲಿ’ ಮೂರು ಕಡೆ ಹಂಚುವ ಕ್ರಮ ಎಲ್ಲರಿಗೂ ಒಪ್ಪಿಗೆ. ಇನ್ನೆರಡು ಪ್ರಶ್ನೆ. ಟೋನಿ ಮಾರಿಸನ್‌ಳ ‘ಬಿಲವ್ಡ್’ ಯಾಕೆ ಯಾರೂ ಹೇಳಲಿಲ್ಲ? ಮತ್ತೆ ‘ಕಿಲ್ಲರ್ ಏಂಜೆಲ್ಸ್’ ತೆರೆದು ನೋಡಿದೆವು. ಕೋರ್, ಡಿವಿಷನ್, ಬ್ರಿಗೇಡ್, ಎಲ್ಲ ಕಲಸಿಹೋಗುತ್ತದೆ.

ಅಘನಾಶಿನಿ_ದಂಡೆ (ಕುಮಟಾ):

‘ಬಿಲವ್ಡ್’ (1987) ನಡೆಯುವುದು 1873ರಲ್ಲಿ, ಯುದ್ಧ ಮುಗಿದ ಮೇಲೆ. ಇಡೀ ಪಟ್ಟಿಯಲ್ಲಿ ದೊಡ್ಡ ಕೃತಿ ಅದೇ, ಅನುಮಾನ ಬೇಡ. ಆದರೆ ಕಾಲ ಹಿಂದೆ ಮುಂದೆ ಜಾರುತ್ತದೆ, ಒಂದೇ ಘಟನೆ ನಾಲ್ಕಾರು ಸಲ ಚೂರುಚೂರಾಗಿ ಬರುತ್ತದೆ. ಕಡಿಮೆಯೆಂದರೂ ಮೂರು ಕೂಟ ಬೇಕು. ಒಂದಕ್ಕೆ ತುರುಕಿದರೆ ಅರ್ಧ ಜನ ಕಥೆ ಏನೆಂದು ಕೇಳುವುದರಲ್ಲೇ ಎರಡು ತಾಸು ಹೋಗುತ್ತದೆ. ಬರುವ ವರ್ಷಕ್ಕೆ ಅದೊಂದನ್ನೇ ಇಟ್ಟುಕೊಳ್ಳಿ, ‘ಜುಬಿಲಿ’ ಓದಿದವರಿಗೆ ಆಗ ನೆಲ ಹದವಾಗಿರುತ್ತದೆ.

ಸೈನ್ಯದ ಲೆಕ್ಕ ಹೀಗೆ: ಕಾಗದದ ಮೇಲೆ ಒಂದು ಕಂಪನಿಗೆ ನೂರು ಜನ, ಹತ್ತು ಕಂಪನಿಗೆ ಒಂದು ರೆಜಿಮೆಂಟ್. ಆದರೆ 1863ರ ಹೊತ್ತಿಗೆ ಕಾಯಿಲೆ, ಸಾವು, ಪಲಾಯನದಿಂದ ಸಾವಿರದ ರೆಜಿಮೆಂಟಿನಲ್ಲಿ ಮುನ್ನೂರು ನಾನೂರು ಉಳಿದದ್ದೇ ಹೆಚ್ಚು. ನಾಲ್ಕೈದು ರೆಜಿಮೆಂಟ್ ಸೇರಿ ಬ್ರಿಗೇಡ್, ಕೆಲವು ಬ್ರಿಗೇಡ್ ಸೇರಿ ಡಿವಿಷನ್, ಕೆಲವು ಡಿವಿಷನ್ ಸೇರಿ ಕೋರ್. ಕನ್ನಡದಲ್ಲಿ ಚರ್ಚಿಸುವಾಗ ಎಲ್ಲಕ್ಕೂ ‘ತುಕಡಿ’ ಎನ್ನಬೇಡಿ. ಕಲಸಿಹೋಗುವುದು ಅಲ್ಲಿಂದಲೇ, ಆ ಇಂಗ್ಲಿಷ್ ಪದಗಳನ್ನೇ ಇಟ್ಟುಕೊಳ್ಳಿ.

ಹೆಸರಿನ ಇನ್ನೊಂದು ತೊಡಕು: ಉತ್ತರದವರು ಸೈನ್ಯಕ್ಕೆ ಸಾಮಾನ್ಯವಾಗಿ ನದಿಯ ಹೆಸರಿಟ್ಟರು, ದಕ್ಷಿಣದವರು ರಾಜ್ಯದ್ದು. ಟೆನೆಸ್ಸೀ ನದಿಯೂ ಹೌದು, ರಾಜ್ಯವೂ ಹೌದು, ಹಾಗಾಗಿ ಆ ಹೆಸರಿನ ಸೈನ್ಯ ಎರಡೂ ಕಡೆ ಇತ್ತು. ಕಾಳಗಕ್ಕೂ ಎರಡೆರಡು ಹೆಸರು: ಬುಲ್ ರನ್ ಎಂದರೂ ಮನಾಸಸ್ ಎಂದರೂ ಒಂದೇ, ಆಂಟಿಟಮ್ ಮತ್ತು ಶಾರ್ಪ್ಸ್‌ಬರ್ಗ್ ಒಂದೇ. ತಾರೀಕಿನ ಹಾಳೆಯಲ್ಲಿ ಎರಡೂ ಬರೆದುಕೊಳ್ಳಿ.

ಪುಸ್ತಕದ ನಕ್ಷೆಗಳು ಚಿಕ್ಕವು. ಗೆಟಿಸ್‌ಬರ್ಗಿನ ಮೂರು ದಿನಕ್ಕೆ ಮೂರು ನಕ್ಷೆಯನ್ನು ಎ3 ಹಾಳೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ. ಉತ್ತರದವರ ಸಾಲು ಮೀನಿನ ಗಾಳದ ಹಾಗೆ ಬಾಗಿದೆ: ಕೊಕ್ಕೆ ಕಲ್ಪ್ಸ್ ಹಿಲ್ ಕಡೆ, ಗಾಳದ ಉದ್ದನೆಯ ಕಡ್ಡಿ ದಕ್ಷಿಣಕ್ಕೆ, ದಾರ ಕಟ್ಟುವ ತುದಿ ಲಿಟಲ್ ರೌಂಡ್ ಟಾಪ್. ಅದನ್ನು ಕೆಂಪು ಪೆನ್ನಿನಿಂದ ತಿದ್ದಿಟ್ಟರೆ ಚೇಂಬರ್ಲೇನ್ ಆ ತುದಿ ಬಿಟ್ಟು ಯಾಕೆ ಹಿಂದೆ ಸರಿಯುವ ಹಾಗಿಲ್ಲ ಎಂದು ವಿವರಿಸಬೇಕಾಗಿಲ್ಲ.

ಕಾಳಿ_ಅಳಿವೆ (ಕಾರವಾರ):

ಪುಸ್ತಕ ತರಿಸುವ ಮುಂಚೆ ಒಂದು ಮಾತು. ‘ಕೋಲ್ಡ್ ಮೌಂಟನ್’ನಲ್ಲಿ ಸಂಭಾಷಣೆಗೆ ಉದ್ಧರಣ ಚಿಹ್ನೆ ಇಲ್ಲ, ಸಾಲಿನ ಮೊದಲಿಗೆ ಒಂದು ಅಡ್ಡಗೆರೆ ಮಾತ್ರ. ಮುದ್ರಣದೋಷವೆಂದು ಪ್ರತಿ ವಾಪಸು ಕಳಿಸಬೇಡಿ. ನಿಧಾನ ಓದುವವರಿಗೆ ಮೊದಲ ಅಧ್ಯಾಯವನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಯಾರ ಮಾತು ಯಾವುದು ಎಂಬುದು ಕಿವಿಗೆ ಹತ್ತುತ್ತದೆ. ‘ಜುಬಿಲಿ’ಗೂ ಹಾಗೇ ಮಾಡಿ. ಅಲ್ಲಿ ಅಧ್ಯಾಯದ ನೆತ್ತಿಯಲ್ಲಿ ಹಾಡಿನ ಸಾಲುಗಳು ಬರುತ್ತವೆ. ಅವನ್ನು ದಾಟಿ ಹೋಗಬೇಡಿ, ಮುಂದಿನ ಪುಟಗಳ ಧಾಟಿ ಅವುಗಳಲ್ಲೇ ಇದೆ. ‘ಜುಬಿಲಿ’ಯ ಹನ್ನೊಂದು ಪ್ರತಿಗೆ ಏಪ್ರಿಲ್‌ನಲ್ಲೇ ಹೇಳಿಡಿ, ಇಲ್ಲಿಯ ಅಂಗಡಿಗಳಲ್ಲಿ ಅದು ಇಟ್ಟಿರುವುದಿಲ್ಲ.