ಹೊಸ ಮನೆಯ ಹಾಲ್‌ಗೆ ಕೈಯಲ್ಲಿ ಬರೆದ ಚಿತ್ರ ಬೇಕು, ಮೋಸ ಹೋಗದೆ ಕೊಳ್ಳುವುದು ಹೇಗೆ?

ಕೇಳಿದವರು, ಬಟವಾಡಿ, ತುಮಕೂರು

ಗೃಹಪ್ರವೇಶ ಆಗಿ ನಾಲ್ಕು ತಿಂಗಳಾಯಿತು. ಸೋಫಾ ಮೇಲಿನ ಗೋಡೆ ಇನ್ನೂ ಬೋಳಾಗಿದೆ. ಏಳು ಕುದುರೆ ಓಡುವ ಪ್ರಿಂಟ್ ಹಾಕೋಣ ಅಂತ ಅತ್ತೆ, ಬೇಡ ಅಂತ ನಾನು. ಹೊಸದಾಗಿ ಬರೆಯುತ್ತಿರುವ ಯಾರಾದರೂ ಕಲಾವಿದರ ಅಸಲಿ ಪೇಂಟಿಂಗ್ ತರುವ ಆಸೆ. 15 ಸಾವಿರದವರೆಗೆ ಕೊಡಬಲ್ಲೆ. ಆದರೆ ಇದರ ಗಂಧಗಾಳಿ ನನಗೆ ಗೊತ್ತಿಲ್ಲ. ಕೊಂಡು ಅನುಭವ ಇರುವವರು ಹೇಳಿ.

ಎಸ್.ಎಸ್. ಪುರಂನಿಂದ

ಮೋಸ ಹೋದವಳೇ ಹೇಳುತ್ತೇನೆ, ಕೇಳಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ "ಹ್ಯಾಂಡ್‌ಮೇಡ್" ಅಂದರು ಅಂತ 11 ಸಾವಿರ ಕೊಟ್ಟು ದೋಣಿಯ ಚಿತ್ರ ತಂದೆವು. ಮುಟ್ಟಿದರೆ ಬ್ರಷ್ ಎಳೆದ ಗೆರೆ ಬೆರಳಿಗೆ ಸಿಗುತ್ತಿತ್ತು. ಒಂದು ಸಂಜೆ ಕರೆಂಟ್ ಹೋಯಿತು. ಮಗ ಹಿಡಿದಿದ್ದ ಮೊಬೈಲ್ ಟಾರ್ಚ್ ಬೆಳಕು ಅದರ ಮೇಲೆ ಓರೆಯಾಗಿ ಬಿತ್ತು. ದೋಣಿ ಬಲಕ್ಕೆ ಬಾಗಿದೆ, ಆದರೆ ಬ್ರಷ್ ಗೆರೆ ಮಾತ್ರ ದೋಣಿ, ನೀರು, ಆಕಾಶ ಯಾವುದನ್ನೂ ಲೆಕ್ಕಿಸದೆ ಒಂದೇ ಸಮನೆ ಅಡ್ಡಡ್ಡ ಹೋಗಿದೆ! ಪ್ರಿಂಟ್ ಹೊಡೆದು ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದರು. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿ ಚುಕ್ಕಿ. ಈಗ ಆ ದೋಣಿ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆ ಹಿಂದೆ ನಿಂತಿದೆ.

ಎರಡನೇ ಸಲ ಅಂಗಡಿಗೇ ಹೋಗಲಿಲ್ಲ. ಕಲಾ ಶಾಲೆಯ ಪ್ರದರ್ಶನದಲ್ಲಿ ಒಬ್ಬ ಹುಡುಗಿ ದೇವರಾಯನದುರ್ಗದ ಬಂಡೆಗಳನ್ನು ಬರೆದಿದ್ದಳು. ಮಧ್ಯಾಹ್ನದ ಬಿಸಿಲು, ಬಂಡೆಯ ಸಂದಿಯಲ್ಲಿ ಮಾತ್ರ ನೀಲಿ ನೆರಳು. ಅಕ್ರಿಲಿಕ್, 24 ಇಂಚಿಗೆ 30 ಇಂಚು, ಬೆಲೆ 9 ಸಾವಿರ. "ಎರಡು ದಿನ ಮನೆಯಲ್ಲಿಟ್ಟು ನೋಡಿ ಆಂಟಿ, ಆಮೇಲೆ ದುಡ್ಡು" ಅಂದಳು. ಒಳ್ಳೆಯದೇ ಆಯಿತು. ನಮ್ಮ ಬಿಳಿ ಟ್ಯೂಬ್‌ಲೈಟ್ ಕೆಳಗೆ ಆ ನೀಲಿ ಸತ್ತು ಬೂದಿ ಬಣ್ಣವಾಯಿತು. ಚಿತ್ರ ವಾಪಸ್ ಕೊಡಲಿಲ್ಲ, ಲೈಟ್ ಬದಲಾಯಿಸಿದೆವು. ಆದ್ದರಿಂದ ಮೊದಲು ಮನೆಗೆ ತಂದು, ಹಗಲು ಒಮ್ಮೆ ರಾತ್ರಿ ಒಮ್ಮೆ ನೋಡಿ. ಮೊಬೈಲ್‌ನಲ್ಲಿ ಫೋಟೋ ನೋಡಿ ಮಾತ್ರ ದುಡ್ಡು ಹಾಕಬೇಡಿ.

ಒಂದು ಚೀಟಿ ಬರೆಸಿಕೊಳ್ಳಿ: ಚಿತ್ರದ ಹೆಸರು, ವರ್ಷ, ಅಳತೆ, ಯಾವ ಬಣ್ಣ, ಎಷ್ಟು ಕೊಟ್ಟಿರಿ, ಕಲಾವಿದರ ಸಹಿ. ನಮ್ಮ ಹುಡುಗಿ ನೋಟ್‌ಬುಕ್ ಹಾಳೆ ಹರಿದು ಬರೆದುಕೊಟ್ಟಳು, ಅಷ್ಟು ಸಾಕು.

ತಿಪಟೂರಿನಿಂದ

ಜನವರಿವರೆಗೆ ಕಾಯುವುದಾದರೆ ಚಿತ್ರಸಂತೆಗೆ ಹೋಗಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ, ಚಿತ್ರಕಲಾ ಪರಿಷತ್ತಿನವರು ನಡೆಸುವುದು. ಭಾನುವಾರ ಒಂದೇ ದಿನ. ಬೆಳಗ್ಗೆ ಬೇಗ ಹೋಗದಿದ್ದರೆ ನೂಕುನುಗ್ಗಲಿನಲ್ಲಿ ಚಿತ್ರಕ್ಕಿಂತ ಜನರ ತಲೆಯೇ ಜಾಸ್ತಿ ಕಾಣುತ್ತದೆ.

ಸೊಪ್ಪಿನ ಕಂತೆಗೆ ಕೇಳುವ ಹಾಗೆ ಅರ್ಧ ಬೆಲೆಗೆ ಕೇಳಬೇಡಿ. ನಾನು ಕೇಳಿದ್ದೆ. ಆತ ಸಿಟ್ಟಾಗಲಿಲ್ಲ, ಸುಮ್ನೆ ಕ್ಯಾನ್ವಾಸ್ ತಿರುಗಿಸಿ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದ ಲೆಕ್ಕ ತೋರಿಸಿದ. ಬಟ್ಟೆ, ಮರ, ಬಣ್ಣ, ಬಸ್ ಚಾರ್ಜು. ನಾಚಿಕೆಯಾಗಿ ಮುಂದೆ ಹೋದೆ. ಸಂಜೆ ಮನಸ್ಸು ತಡೆಯದೆ ವಾಪಸ್ ಬಂದರೆ ಅದು ಮಾರಿಹೋಗಿತ್ತು.

ಸುರುಳಿ ಸುತ್ತಿ ತರುವುದಾದರೆ ಬಣ್ಣದ ಮುಖ ಹೊರಗಿರಬೇಕು. ಒಳಗೆ ಮಾಡಿ ಸುತ್ತಿದರೆ ಬಣ್ಣ ಒತ್ತಿ ಸುಕ್ಕಾಗುತ್ತದೆ.

ಫ್ರೇಮ್ ಕೆಲಸದವನು, ಗುಬ್ಬಿ ಗೇಟ್

ಅಕ್ಕಾ, ಮನೆಗೆ ನಾಲ್ಕೇ ತಿಂಗಳು ಅಂದಿರಿ. ಹೊಸ ಗಾರೆಯಲ್ಲಿ ತೇವ ಇರುತ್ತದೆ. ಗೋಡೆಗೆ ಒತ್ತಿ ತೂಗು ಹಾಕಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದೆ ಬೂಷ್ಟು. ಫ್ರೇಮ್‌ನ ಕೆಳಗಿನ ಎರಡು ಮೂಲೆಗೆ ಹಿಂಬದಿ ರಬ್ಬರ್ ತುಂಡು ಅಂಟಿಸಿ, ಗಾಳಿ ಆಡುತ್ತದೆ. ಬಾತ್‌ರೂಮ್‌ಗೆ ತಾಗಿದ ಗೋಡೆಯಂತೂ ಬೇಡವೇ ಬೇಡ.

ಕಾಗದದ ಮೇಲಿನ ಜಲವರ್ಣಕ್ಕೆ ಗಾಜು ಬೇಕು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಇರಬೇಕು. ಬಿಸಿಲು ಬೀಳುವ ಕಡೆ ಹಾಕಿದರೆ ಬಣ್ಣ ಹಾರುತ್ತದೆ. ಕ್ಯಾನ್ವಾಸ್‌ಗೆ ಗಾಜು ಹಾಕಿಸಬೇಡಿ. ಚಿತ್ರದ ಅಗಲ ಸೋಫಾದ ಮೂರರಲ್ಲಿ ಎರಡು ಪಾಲು ಇದ್ದರೆ ಲಕ್ಷಣ. ಚಿಕ್ಕ ಚಿತ್ರ ದೊಡ್ಡ ಗೋಡೆಗೆ ಅಂಚೆ ಚೀಟಿ ಅಂಟಿಸಿದ ಹಾಗೆ ಕಾಣುತ್ತದೆ.

ಕ್ಯಾತ್ಸಂದ್ರದ ಒಬ್ಬ ಕಲಾವಿದ

ನಮ್ಮ ಕಡೆಯಿಂದಲೂ ಎರಡು ಮಾತು. ಒಂದೇ ಸಲ ಕೊಡಲಾಗದಿದ್ದರೆ ಬಾಯಿಬಿಟ್ಟು ಕೇಳಿ. ಮೂರು ಕಂತಿಗೆ ನಾನು ಎಷ್ಟೋ ಸಲ ಒಪ್ಪಿದ್ದೇನೆ. ಮೊಬೈಲ್‌ನಲ್ಲಿ ಇನ್ನೊಬ್ಬರ ಚಿತ್ರ ತೋರಿಸಿ "ಇದೇ ಥರ ಬರೆದುಕೊಡಿ" ಅನ್ನಬೇಡಿ, ಆಗ ನಿಮಗೆ ಸಿಗುವುದು ನಕಲು. ಎಣ್ಣೆ ಬಣ್ಣದ್ದಾದರೆ ಬರೆದು ಎಷ್ಟು ದಿನವಾಯಿತು ಕೇಳಿ. ದಪ್ಪಗೆ ಬಳಿದದ್ದು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ.

ಕೊಂಡ ಚಿತ್ರ ನಿಮ್ಮದು, ಆದರೆ ಅದನ್ನು ಕ್ಯಾಲೆಂಡರ್‌ಗೆ, ಅಂಗಡಿ ಬೋರ್ಡ್‌ಗೆ ಅಚ್ಚು ಹಾಕಿಸುವ ಹಕ್ಕು ಅದರ ಜೊತೆ ಬರುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅದನ್ನು ಕಲಾವಿದರು ಬೇರೆಯಾಗಿ ಬರೆದುಕೊಡಬೇಕು. ಮುಂದೆಂದಾದರೂ 10 ಸಾವಿರಕ್ಕಿಂತ ಹೆಚ್ಚಿಗೆ ಮಾರಿದರೆ ಅದರಲ್ಲಿ ಪಾಲು ಕೇಳುವ ಹಕ್ಕೂ ಅದೇ ಕಾಯ್ದೆಯಲ್ಲಿ ನಮಗಿದೆ. ನನ್ನನ್ನು ಹುಡುಕಿಕೊಂಡು ಬಂದು ಪಾಲು ಕೊಟ್ಟವರನ್ನು ಇನ್ನೂ ಕಂಡಿಲ್ಲ, ಅದು ಬೇರೆ ಮಾತು.

ಕೇಳಿದವರು, ಬಟವಾಡಿ

ಎಲ್ಲರಿಗೂ ಥ್ಯಾಂಕ್ಸ್. ಟೇಪ್ ಹಿಡಿದು ಅಳೆದೆ, ಸೋಫಾ ಆರು ಅಡಿ, ಅಂದರೆ ಚಿತ್ರ ನಾಲ್ಕು ಅಡಿ ಬೇಕು. 15 ಸಾವಿರಕ್ಕೆ ಅಷ್ಟು ದೊಡ್ಡದು ಕಷ್ಟ ಅಲ್ವಾ? ಎರಡು ಚಿಕ್ಕದು ಜೋಡಿಸಬಹುದಾ ಅಂತ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಬಂದು, "ಆ ಗೋಡೆ ಹಿಂದೆ ಬಾತ್‌ರೂಮ್ ಅಲ್ವೇನೇ" ಅಂದರು. ಈಗ ಮೊದಲು ಸೋಫಾ ಎಳೆಯಬೇಕು.